ಪುಸ್ತಕ ಎಂಬುದು ಯಾವುದು? ಆಸಾರ್ ಮಹಲಿನಿಂದ ಮೊಬೈಲಿನವರೆಗೆ



ಹೋದ ವರ್ಷ ಏಳನೆಯ ತರಗತಿಯಲ್ಲಿ ಗ್ರಂಥಾಲಯದ ಪಾಠ ನಡೆದಿತ್ತು. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಮೊಬೈಲಿನಾಗ ಇರೂದನ್ನ ಪುಸ್ತಕ ಅನ್ನಬೇಕೋ, ಬ್ಯಾಡೋ?" ಎಂದು ಕೇಳಿದಳು. ಅವಳ ಅಣ್ಣ ಪಿಯುಸಿ ಓದುತ್ತಾನೆ. ತಂದೆ "ಪುಸ್ತಕ ಹಿಡಿಯೋ" ಎಂದು ಗದರಿಸಿದಾಗಲೆಲ್ಲ "ಓದಾಕತ್ತೀನಲ್ಲ" ಎಂದು ಮೊಬೈಲ್ ಎತ್ತಿ ತೋರಿಸುತ್ತಾನಂತೆ. ಆ ಮನೆಯ ಜಗಳಕ್ಕೆ ನನ್ನಿಂದ ತೀರ್ಪು ಬೇಕಾಗಿತ್ತು. "ನಾಳೆ ಹೇಳ್ತೀನಿ" ಎಂದು ತಪ್ಪಿಸಿಕೊಂಡೆ. ಬಿ.ಎಡ್. ತರಬೇತಿಯಲ್ಲಿ ಕಲಿತ ವಿದ್ಯೆಗಳಲ್ಲಿ ಇಂದಿಗೂ ಹೆಚ್ಚು ಉಪಯೋಗಕ್ಕೆ ಬರುವುದು ಇದೊಂದೇ! ಆದರೆ ಆ ನಾಳೆ ಇವತ್ತಿನವರೆಗೂ ಎಳೆದುಕೊಂಡು ಬಂದಿದೆ. ಆ ಹುಡುಗಿಗೆ ಹೇಳಬೇಕಾದ ಉತ್ತರವನ್ನು ಈ ಸಂಚಿಕೆಯ ಮೂಲಕ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಕನ್ನಡ ಮತ್ತು ಉರ್ದು ಎರಡನ್ನೂ ಕಲಿಸುವವನಾದ್ದರಿಂದ ನಾನು ಮೊದಲು ಶಬ್ದಗಳ ಬೆನ್ನು ಹತ್ತಿದೆ. ಉರ್ದುವಿನಲ್ಲಿ ಪುಸ್ತಕದ ಹಾಳೆಗೆ 'ವರಕ್' ಎನ್ನುತ್ತೇವೆ. ಅರಬಿಯಲ್ಲಿ ಅದರ ಮೂಲ ಅರ್ಥ ಗಿಡದ ಎಲೆ. ಕನ್ನಡದಲ್ಲಿ 'ಗರಿ' ಎಂದರೂ ಅದೇ, ತಾಳೆಯ ಎಲೆ. 'ಓಲೆ'ಯೂ ತಾಳೆಯ ಎಲೆಯೇ. ಇಂದು ಹೊಳೆಯುವ ರಟ್ಟಿನ ಮೇಲೆ ಮದುವೆಯ ಪತ್ರಿಕೆ ಮುದ್ರಿಸಿದರೂ ಅದನ್ನು ಕರೆಯೋಲೆ ಎನ್ನುವುದನ್ನು ಬಿಟ್ಟಿಲ್ಲ. 'ಹಾಳೆ' ಅಡಿಕೆ ಮರದಿಂದ ಬಂದ ಮಾತು. 'ಜಿಲ್ದ್' ಎಂದರೆ ಚರ್ಮ, ಅಂದರೆ ಪುಸ್ತಕಕ್ಕೆ ಹೊದಿಸುವ ತೊಗಲು. 'ಕಲಮ್' ಎಂದರೆ ಜೊಂಡಿನ ಕಡ್ಡಿ. 'ಬಸ್ತಾ' ಎಂದರೆ ಕಟ್ಟಿದ್ದು. ಬಟ್ಟೆಯಲ್ಲಿ ಕಟ್ಟಿ ಒಯ್ಯುತ್ತಿದ್ದ ಪುಸ್ತಕಗಳ ಗಂಟು ಈಗ ಜಿಪ್ ಇರುವ ಚೀಲವಾಗಿದ್ದರೂ ನಮ್ಮ ಮಕ್ಕಳ ಬಾಯಲ್ಲಿ ಬಸ್ತಾ ಆಗಿಯೇ ಉಳಿದಿದೆ. ಎಲ್ಲವೂ ಎಲೆ, ತೊಗಲು, ಕಡ್ಡಿ, ಗಂಟು! 'ಕಿತಾಬ್' ಎಂಬ ಶಬ್ದ ಮಾತ್ರ ಬೇರೆ ಜಾತಿಯದು. ಬರೆಯುವುದು ಎಂಬ ಧಾತುವಿನಿಂದ ಹುಟ್ಟಿದ ಆ ಮಾತಿಗೆ 'ಬರೆದದ್ದು' ಎಂದಷ್ಟೇ ಅರ್ಥ. ಯಾವುದರ ಮೇಲೆ ಬರೆದದ್ದು ಎಂದು ಅದು ಹೇಳುವುದೇ ಇಲ್ಲ.

ಇದು ನಮಗೆ ಹೊಸ ವಿಷಯವಲ್ಲ. ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಕುರ್‌ಆನ್ ಎಂದರೆ ಮೊದಲಿಗೆ ಸಹಾಬಿಗಳ ಎದೆಯಲ್ಲಿದ್ದದ್ದು. ಬರೆಯುವವರು ಖರ್ಜೂರದ ಗರಿಯ ದಂಟು, ಚಪ್ಪಟೆ ಕಲ್ಲು, ತೊಗಲು, ಒಂಟೆಯ ಎಲುಬು, ಹೀಗೆ ಸಿಕ್ಕಿದ್ದರ ಮೇಲೆ ಬರೆದಿಡುತ್ತಿದ್ದರು. ಯಮಾಮಾ ಯುದ್ಧದಲ್ಲಿ ಅನೇಕ ಹಾಫಿಜರು ಹುತಾತ್ಮರಾದಾಗ ಹಜ್ರತ್ ಅಬೂಬಕರ್(ರ)ರು ಜೈದ್ ಬಿನ್ ಸಾಬಿತ್(ರ)ರಿಗೆ ಅವೆಲ್ಲವನ್ನೂ ಒಂದೆಡೆ ಕೂಡಿಸಲು ಹೇಳಿದರು. ನೆನಪಿನಲ್ಲಿದ್ದದ್ದು ಹಾಳೆಗೆ ಬಂದಿತು. ಆದರೆ ಹಾಳೆಗೆ ಬಂದ ಮೇಲೆ ಬಾಯಿಪಾಠ ನಿಂತಿತೇ? ನಿಲ್ಲಲಿಲ್ಲ. ಇವತ್ತಿಗೂ ಎರಡೂ ಜೊತೆಯಲ್ಲಿ ನಡೆದಿವೆ. ಒಂದು ರೂಪ ಬಂದಾಗ ಇನ್ನೊಂದನ್ನು ಬಿಸಾಡದೆ ಎರಡನ್ನೂ ಇಟ್ಟುಕೊಂಡ ಪದ್ಧತಿ ಅದು. ಈ ಮಾತು ನಿಮ್ಮ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಕಾಗದ ಮಾಡುವ ವಿದ್ಯೆ ಚೀನಾದಿಂದ ಸಮರ್‌ಕಂದ್ ದಾಟಿ 8ನೆಯ ಶತಮಾನದಲ್ಲಿ ಬಗ್ದಾದ್ ಸೇರಿತು. ಕಾಗದ ಮಾರುವ, ಪ್ರತಿ ಬರೆದು ಕೊಡುವ, ಪುಸ್ತಕ ಕಟ್ಟುವ ಜನರಿಗೆ ಅಲ್ಲಿ 'ವರ್ರಾಕ್' ಎನ್ನುತ್ತಿದ್ದರು. ಅಂಥ ಒಬ್ಬ ವರ್ರಾಕ್ ಇಬ್ನ್ ನದೀಮ್. ಈತ 987ರಲ್ಲಿ ತನಗೆ ಗೊತ್ತಿದ್ದ ಪುಸ್ತಕಗಳನ್ನೆಲ್ಲ ಪಟ್ಟಿ ಮಾಡಿ 'ಫಿಹ್‌ರಿಸ್ತ್' ಬರೆದ. ಅದರಲ್ಲಿರುವ ಎಷ್ಟೋ ಪುಸ್ತಕಗಳು ಇಂದು ಇಲ್ಲ. ಪಟ್ಟಿಯಲ್ಲಿ ಹೆಸರು ಇದೆ, ಪುಸ್ತಕ ಇಲ್ಲ. ಅವನ್ನು ಯಾರೂ ಮತ್ತೆ ಪ್ರತಿ ಮಾಡಲಿಲ್ಲ, ಅಥವಾ ಮಾಡಿದ ಪ್ರತಿಗಳು ಉಳಿಯಲಿಲ್ಲ.

ಬಗ್ದಾದ್ ದೂರವಾಯಿತು, ನಮ್ಮ ಊರಕಡೆಗೇ ಬರೋಣ. ಮುಳವಾಡದಿಂದ ವಿಜಯಪುರಕ್ಕೆ ಹೋದವರು ಗೋಲಗುಮ್ಮಟ ನೋಡಿ, ಮೇಲೆ ಹತ್ತಿ ಕೂಗು ಹಾಕಿ, ಬಾರಾಕಮಾನ್ ನೋಡಿ ಬಸ್ಸು ಹಿಡಿಯುತ್ತಾರೆ. ಆಸಾರ್ ಮಹಲಿಗೆ ಹೋಗುವವರು ಕಡಿಮೆ. ಮುಹಮ್ಮದ್ ಆದಿಲ್ ಶಾಹ 1646ರ ಹೊತ್ತಿಗೆ ನ್ಯಾಯದಾನಕ್ಕೆಂದು ಕಟ್ಟಿಸಿದ ಈ ಕಟ್ಟಡದಲ್ಲಿ ಮುಂದೆ ಪವಿತ್ರ ಕೇಶಗಳನ್ನು ಇಡಲಾಯಿತು. ಆದಿಲ್ ಶಾಹಿ ಅರಸರ ಗ್ರಂಥಾಲಯದಲ್ಲಿ ಅಳಿದುಳಿದದ್ದು ಕೊನೆಗೆ ಇದ್ದದ್ದೂ ಇಲ್ಲಿಯೇ.

ಆ ಗ್ರಂಥಾಲಯ ಸಣ್ಣದೇನಲ್ಲ. ಒಂದನೆಯ ಅಲಿ ಆದಿಲ್ ಶಾಹನ (ಆಳ್ವಿಕೆ 1558–1580) ಪುಸ್ತಕಪ್ರೀತಿಯನ್ನು ಇತಿಹಾಸಕಾರ ರಫೀಉದ್ದೀನ್ ಶಿರಾಜಿ ಬರೆದಿಟ್ಟಿದ್ದಾನೆ. ಅರಸ ದಂಡಿನ ಜೊತೆ ಹೊರಟರೂ ಪುಸ್ತಕಗಳ ಪೆಟ್ಟಿಗೆಗಳು ಅವನ ಬೆನ್ನಿಗೇ ಇರಬೇಕಿತ್ತಂತೆ. ಗ್ರಂಥಾಲಯದಲ್ಲಿ ಸುಮಾರು ಅರವತ್ತು ಮಂದಿ ದಿನವಿಡೀ ಕೆಲಸ ಮಾಡುತ್ತಿದ್ದರು: ಅಂದವಾಗಿ ಬರೆಯುವವರು, ಬಂಗಾರದ ನೀರು ಹಚ್ಚುವವರು, ಅಂಚಿನ ಬಳ್ಳಿ ತೆಗೆಯುವವರು, ಜಿಲ್ದು ಕಟ್ಟುವವರು. ಗ್ರಂಥಾಲಯದ ಹೊಣೆ ಹೊತ್ತವರಲ್ಲಿ ಶೇಷ ವಾಮನ ಪಂಡಿತ ಎಂಬ ಸಂಸ್ಕೃತ ವಿದ್ವಾಂಸನೂ ಇದ್ದ. 1570ರಲ್ಲಿ ಸಿದ್ಧವಾದ, ನೂರಾರು ಚಿತ್ರಗಳಿರುವ 'ನುಜೂಮ್-ಉಲ್-ಉಲೂಮ್' ಈ ಕಾಲದ್ದೇ. ಮುಂದೆ ಎರಡನೆಯ ಇಬ್ರಾಹಿಂ ಆದಿಲ್ ಶಾಹ (1580–1627) ತಾನೇ ದಖನಿಯಲ್ಲಿ ಹಾಡು ಕಟ್ಟಿ 'ಕಿತಾಬ್-ಎ-ನೌರಸ್' ಮಾಡಿದ. ಸರಸ್ವತಿಯ ಸ್ತುತಿಯಿರುವ, ರಾಗಗಳ ಹೆಸರಿನ ಕೆಳಗೆ ಹಾಡುಗಳನ್ನು ಜೋಡಿಸಿರುವ ಕೃತಿ ಅದು. ಅದನ್ನು ಚಂದವಾಗಿ ಬರೆದುಕೊಟ್ಟ ಖಲೀಲುಲ್ಲಾ ಎಂಬ ಲಿಪಿಕಾರನಿಗೆ ಅರಸ ಕೊಟ್ಟ ಬಿರುದು 'ಬಾದಶಾಹ್-ಎ-ಕಲಮ್', ಅಂದರೆ ಲೇಖನಿಯ ದೊರೆ. ಸುಲ್ತಾನನು ಬರೆಯುವವನನ್ನೇ ದೊರೆ ಎಂದು ಕರೆದ ಊರು ನಮ್ಮದು.

ಆ ಪುಸ್ತಕಗಳು ಈಗ ಎಲ್ಲಿ? 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಬೆಲೆಬಾಳುವ ಪುಸ್ತಕಗಳನ್ನು ಅವನು ಗಾಡಿಗಟ್ಟಲೆ ಸಾಗಿಸಿದನೆಂಬ ಮಾತನ್ನು ಬಿಜಾಪುರದ ಕಟ್ಟಡಗಳ ಬಗ್ಗೆ ಬರೆದ ಹೆನ್ರಿ ಕಸಿನ್ಸ್ ದಾಖಲಿಸಿದ್ದಾರೆ. ಉಳಿದವು ಆಸಾರ್ ಮಹಲಿನಲ್ಲಿ ಧೂಳು ಹಿಡಿದು ಕುಳಿತವು. 1848ರಲ್ಲಿ ಸಾತಾರಾ ಸಂಸ್ಥಾನದ ಜೊತೆಗೆ ಬಿಜಾಪುರವೂ ಕಂಪನಿ ಸರಕಾರದ ಕೈಸೇರಿತು. 1853ರಲ್ಲಿ ಅಳಿದುಳಿದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಲಂಡನ್ನಿಗೆ ಕಳಿಸಿದರು. ಹೆಚ್ಚಿನವು ಅರಬಿ ಗ್ರಂಥಗಳು. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. 'ನುಜೂಮ್-ಉಲ್-ಉಲೂಮ್' ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿದೆ. ಹೋದದ್ದಕ್ಕೆ ಸಿಟ್ಟು ಬರುವುದು ಸಹಜ. ಆದರೆ ಇಲ್ಲಿಯೇ ಇದ್ದಿದ್ದರೆ ಗೆದ್ದಲು ಬಿಡುತ್ತಿತ್ತೇ ಎಂಬ ಪ್ರಶ್ನೆಯೂ ನನ್ನನ್ನು ಕಾಡಿದೆ.

ಇದೇ ಊರಿನ ಇನ್ನೊಂದು ಕತೆ ಕೇಳಿ. ಅರಸರ ಗ್ರಂಥಾಲಯದಲ್ಲಿ ಬಂಗಾರದ ನೀರಿನ ಪುಟಗಳಿದ್ದಾಗ, ಸುತ್ತಲಿನ ಮಠಗಳಲ್ಲಿ, ಬಡವರ ಮನೆಯ ಅಟ್ಟಗಳ ಮೇಲೆ ತಾಳೆಗರಿಯ ಕಟ್ಟುಗಳಿದ್ದವು. ಅವುಗಳಲ್ಲಿ ಬಸವಣ್ಣನವರ, ಅಲ್ಲಮಪ್ರಭುಗಳ, ಅಕ್ಕಮಹಾದೇವಿಯವರ ವಚನಗಳಿದ್ದವು. ತಾಳೆಗರಿಯ ಮೇಲೆ ಮಸಿಯಿಂದ ಬರೆಯುವ ವಾಡಿಕೆ ನಮ್ಮಲ್ಲಿರಲಿಲ್ಲ. ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ತೀಡಿ ಒರೆಸಿದರೆ ಅಕ್ಷರದ ಗೆರೆಯಲ್ಲಿ ಮಾತ್ರ ಕಪ್ಪು ನಿಲ್ಲುತ್ತಿತ್ತು. ಅದಕ್ಕೂ ಆಯುಷ್ಯವಿದೆ. ಹುಳ ತಿನ್ನುತ್ತದೆ, ಅಂಚು ಮುರಿಯುತ್ತದೆ. ಹಳೆಯದು ಪುಡಿಯಾಗುವ ಮೊದಲು ಯಾರಾದರೂ ಕುಳಿತು ಹೊಸ ಗರಿಗೆ ಇಳಿಸಬೇಕು. ಹೀಗೆ ನೂರಾರು ವರ್ಷ, ಹೆಸರಿಲ್ಲದ ಜನ, ಗರಿಯಿಂದ ಗರಿಗೆ ಇಳಿಸುತ್ತ ಬಂದರು.

ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು (1880–1964) ಆ ಕಟ್ಟುಗಳನ್ನು ಹುಡುಕಿ ಊರೂರು ತಿರುಗಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಮುದ್ರಣ ಇನ್ನೊಬ್ಬರ ಕೈಯಲ್ಲಿದ್ದರೆ ಕೆಲಸ ಸಾಗದು ಎಂದು ಕಂಡುಕೊಂಡು 1925ರಲ್ಲಿ ಬಿಜಾಪುರದಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ಇದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಮರುವರ್ಷ 'ಶಿವಾನುಭವ' ಪತ್ರಿಕೆ ಬಂದಿತು. ಅವರಿಗಿಂತ ಮೊದಲು ಐವತ್ತರಷ್ಟು ವಚನಕಾರರ ಹೆಸರು ತಿಳಿದಿತ್ತು, ಅವರು ಅದನ್ನು ಇನ್ನೂರೈವತ್ತರವರೆಗೆ ಒಯ್ದರು ಎಂದು ಲೆಕ್ಕ ಹೇಳುತ್ತಾರೆ. ಅಲ್ಲಿಂದ ಮುಂದೆ 1993ರಲ್ಲಿ ಕರ್ನಾಟಕ ಸರಕಾರ ಸಮಗ್ರ ವಚನ ಸಂಪುಟಗಳನ್ನು ಹದಿನೈದು ಸಂಪುಟಗಳಲ್ಲಿ ತಂದಿತು. ಇಂದು 'ವಚನ ಸಂಚಯ'ದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಶಬ್ದ ಬರೆದರೆ ಅದು ಯಾವ ಯಾವ ವಚನದಲ್ಲಿದೆ ಎಂದು ಮೊಬೈಲೇ ತೋರಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅರವತ್ತು ಮಂದಿ ನೌಕರರಿದ್ದ ಅರಮನೆಯ ಗ್ರಂಥಾಲಯ ಬಿಜಾಪುರದಲ್ಲಿ ಉಳಿಯಲಿಲ್ಲ. ಅಟ್ಟದ ಮೇಲಿನ ಗರಿ ನಿಮ್ಮ ಜೇಬಿನಲ್ಲಿರುವ ಮೊಬೈಲಿಗೆ ಬಂದು ಮುಟ್ಟಿತು. ಗರಿ ಬಂಗಾರದ ಪುಟಕ್ಕಿಂತ ಗಟ್ಟಿ ಎಂದಲ್ಲ. ಗರಿಯನ್ನು ಪ್ರತಿ ಮಾಡುವವರು, ಓದುವವರು ಮನೆಮನೆಯಲ್ಲಿದ್ದರು. ಅರಮನೆಯ ಪುಸ್ತಕಕ್ಕೆ ಅರಮನೆಯೊಂದೇ ಮನೆ. ಹಾಗೆ ನೋಡಿದರೆ 'ಕಿತಾಬ್-ಎ-ನೌರಸ್' ಉಳಿದದ್ದೂ ಅದರ ಹಲವು ಪ್ರತಿಗಳು ಹಲವು ಊರುಗಳಿಗೆ ಹಂಚಿಹೋಗಿದ್ದರಿಂದ; ಅವನ್ನು ಹೋಲಿಸಿ ನೋಡಿಯೇ ನಜೀರ್ ಅಹ್ಮದ್ ಅವರು ಅದನ್ನು ಸಂಪಾದಿಸಿ 1956ರಲ್ಲಿ ಪ್ರಕಟಿಸಿದರು. ಸಂತೋಷದ ಸಂಗತಿಯೆಂದರೆ ಹಳಕಟ್ಟಿಯವರ ಹೆಸರಿನಲ್ಲಿ ವಿಜಯಪುರದಲ್ಲಿರುವ ಸಂಶೋಧನಾ ಕೇಂದ್ರವೇ ಆದಿಲ್ ಶಾಹಿ ಕಾಲದ ಫಾರ್ಸಿ, ದಖನಿ ಕೃತಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದೆ. ವಚನಕಾರರ ಮನೆಯವರು ಸುಲ್ತಾನರ ಪುಸ್ತಕಕ್ಕೂ ಜಾಗ ಕೊಟ್ಟರು.

ಮುದ್ರಣದ ವಿಷಯದಲ್ಲಿ ಕನ್ನಡಕ್ಕೂ ಉರ್ದುವಿಗೂ ಬೇರೆ ಬೇರೆ ದಾರಿ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಮೊಳೆಗಳಿಂದ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನ್ 1841ರಲ್ಲಿ ಕಲ್ಲಚ್ಚಿನಿಂದ ಆರಂಭಿಸಿತು. 1843ರ 'ಮಂಗಳೂರ ಸಮಾಚಾರ' ಕಲ್ಲಚ್ಚಿನದೇ. ಮುಂದೆ ಕನ್ನಡ ಮೊಳೆಗಳು ತಿದ್ದಿಕೊಂಡವು, ಕಲ್ಲಚ್ಚು ಹಿಂದೆ ಸರಿಯಿತು. ಉರ್ದುವಿಗೆ ಹಾಗಾಗಲಿಲ್ಲ. ನಾವು ಬರೆಯುವ ನಸ್ತಾಲೀಕ್ ಲಿಪಿಯಲ್ಲಿ ಅಕ್ಷರ ನೆರೆಯ ಅಕ್ಷರವನ್ನು ನೋಡಿ ರೂಪ ಬದಲಿಸುತ್ತದೆ. ಪದವು ಮೇಲಿಂದ ಕೆಳಕ್ಕೆ ಇಳಿಜಾರಿನಂತೆ ಜಾರಿ ಬರುತ್ತದೆ. ಇದನ್ನು ಸೀಸದ ಮೊಳೆಗಳಲ್ಲಿ ಸಾಲಾಗಿ ನಿಲ್ಲಿಸುವುದು ಹೇಗೆ? ನಸ್ಖ್ ಲಿಪಿಯ ಮೊಳೆಗಳಲ್ಲಿ ಉರ್ದು ಅಚ್ಚುಹಾಕಿ ನೋಡಿದರು, ಓದುಗರ ಕಣ್ಣಿಗೆ ಒಗ್ಗಲಿಲ್ಲ. ಹಾಗಾಗಿ ಕಾತಿಬರು ಕೈಯಿಂದ ಬರೆಯುವುದು, ಅದನ್ನು ಕಲ್ಲಿನ ಮೇಲೆ ಇಳಿಸಿ ಅಚ್ಚು ತೆಗೆಯುವುದು, ಇದೇ ಕ್ರಮವಾಯಿತು. ಲಖನೌದಲ್ಲಿ 1858ರಲ್ಲಿ ಆರಂಭವಾದ ಮುನ್ಶಿ ನವಲ್ ಕಿಶೋರ್ ಅವರ ಮುದ್ರಣಾಲಯ ಸಾವಿರಾರು ಉರ್ದು, ಫಾರ್ಸಿ, ಅರಬಿ ಪುಸ್ತಕಗಳನ್ನು ಹೀಗೇ ಮನೆಮನೆಗೆ ಮುಟ್ಟಿಸಿತು. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲ್ ಅವರು ಹಲವು ಸಾವಿರ ಜೋಡಕ್ಷರಗಳನ್ನು ಬರೆದು ಕಂಪ್ಯೂಟರಿಗೆ ಒಗ್ಗಿಸಿದ 'ನೂರಿ ನಸ್ತಾಲೀಕ್' ಬರುವವರೆಗೆ, ಅಂದರೆ ನಮ್ಮ ಹಿರಿಯರ ಕಾಲದವರೆಗೆ, ಉರ್ದು ದಿನಪತ್ರಿಕೆಯನ್ನೂ ಪ್ರತಿರಾತ್ರಿ ಕೈಯಿಂದ ಬರೆಯುತ್ತಿದ್ದರು. 1927ರಲ್ಲಿ ಮದ್ರಾಸಿನಲ್ಲಿ ಆರಂಭವಾದ 'ಮುಸಲ್ಮಾನ್' ಪತ್ರಿಕೆಯು ಕಂಪ್ಯೂಟರ್ ಬಂದ ಮೇಲೂ ಬಹುಕಾಲ ಕೈಬರಹವನ್ನು ಬಿಡಲಿಲ್ಲ.

ಇನ್ನು ಕಾಗದವೂ ಇಲ್ಲದ, ಕಂಪ್ಯೂಟರೂ ಇಲ್ಲದ ಒಂದು ಪುಸ್ತಕದ ಬಗ್ಗೆ ಹೇಳಬೇಕು. ಬಿಜಾಪುರದ ಸೂಫಿಗಳು ದಖನಿಯಲ್ಲಿ 'ಚಕ್ಕಿನಾಮಾ' ಎಂಬ ಹಾಡುಗಳನ್ನು ಕಟ್ಟಿದರು. ಚಕ್ಕಿ ಎಂದರೆ ಬೀಸುವ ಕಲ್ಲು. ಕಲ್ಲಿನ ಹಿಡಿಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ, ಬೀಸುವ ಕೆಲಸವನ್ನೇ ದೇವರ ಸ್ಮರಣೆಯಾಗಿ ಮಾಡುವ ಹಾಡುಗಳು. ಓದುಬರಹ ಬಾರದ ಹೆಣ್ಣುಮಕ್ಕಳು ನಸುಕಿನಲ್ಲಿ ಜೋಳ ಬೀಸುತ್ತ ಇವನ್ನು ಹಾಡುತ್ತಿದ್ದರು. ಪಕ್ಕದ ಮನೆಯಲ್ಲಿ ಕನ್ನಡದ ಬೀಸುವ ಪದ, ಈ ಮನೆಯಲ್ಲಿ ಚಕ್ಕಿನಾಮಾ. ರಿಚರ್ಡ್ ಈಟನ್ ಅವರು 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಇತಿಹಾಸದಲ್ಲಿ, ಈ ನಾಡಿನಲ್ಲಿ ಸಾಮಾನ್ಯ ಜನರ ಮನೆಯೊಳಗೆ ಧರ್ಮದ ಮಾತು ಹೋದದ್ದು ಇಂಥ ಹಾಡುಗಳಿಂದ ಎಂದು ತೋರಿಸಿದ್ದಾರೆ. ನನ್ನ ನಾನಿಯನ್ನು ಒಮ್ಮೆ ಕೇಳಿದೆ. ಎರಡು ಸಾಲು ಹೇಳಿ ನಿಲ್ಲಿಸಿಬಿಟ್ಟಳು. ಮುಂದಿನದು ಯಾಕೆ ಬರುತ್ತಿಲ್ಲ ಎಂದರೆ, "ಕಲ್ಲು ತಿರುಗಿದರಷ್ಟೇ ಪದ ನೆನಪಾಗ್ತಾವ, ಬೇಟಾ" ಎಂಬ ಅರ್ಥದ ಮಾತು ಹೇಳಿದಳು. ಊರಿಗೆ ಹಿಟ್ಟಿನ ಗಿರಣಿ ಬಂದಿತು, ಕಲ್ಲು ಹಿತ್ತಲಿಗೆ ಹೋಯಿತು. ಹೆಣ್ಣುಮಕ್ಕಳ ರಟ್ಟೆಗೆ ವಿಶ್ರಾಂತಿ ಸಿಕ್ಕಿತು. ಅದು ಒಳ್ಳೆಯದೇ ಆಯಿತು, ಗಿರಣಿಯನ್ನು ಬೈಯುವ ಗಂಡಸರು ಒಂದು ದಿನ ಬೀಸಿ ನೋಡಲಿ. ಆದರೆ ಆ ಪುಸ್ತಕವನ್ನು ತೆರೆಯುವ ಯಂತ್ರವೇ ಹೊರಟುಹೋಯಿತು.

ಯಂತ್ರ ಹೋದರೆ ಪುಸ್ತಕವೂ ಹೋಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆಯೊಂದನ್ನು ಕಣ್ಣಾರೆ ಕಂಡಿದ್ದೇನೆ. ಒಂದು ಸಂಸ್ಥೆಯ ಹಳೆಯ ವಾರ್ಷಿಕ ಸಂಚಿಕೆಯ ಲೇಖನವೊಂದು ಬೇಕಾಗಿತ್ತು. ಸಂಚಿಕೆಯ ಸಿ.ಡಿ. ಇದೆ ಎಂದರು. ಈಗಿನ ಕಂಪ್ಯೂಟರಿಗೆ ಸಿ.ಡಿ. ಹಾಕಲು ಬಾಯಿಯೇ ಇಲ್ಲ. ಎಲ್ಲಿಂದಲೋ ಹಳೆಯ ಯಂತ್ರ ತಂದು ತೆರೆದರೆ ಕನ್ನಡ ಪುಟಗಳ ತುಂಬ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಉರ್ದು ಪುಟಗಳು ತೆರೆಯಲೇ ಇಲ್ಲ. ಕೊನೆಗೆ ಕಬ್ಬಿಣದ ಕಪಾಟಿನಲ್ಲಿ ಅಂಚು ಹುಳ ತಿಂದ ಒಂದು ಅಚ್ಚಿನ ಪ್ರತಿ ಸಿಕ್ಕಿತು; ಆ ಲೇಖನ ಅದರಲ್ಲಿ ಸೊಗಸಾಗಿ ಓದಲು ಬರುತ್ತಿತ್ತು.

ಹೀಗಾಗಲು ಕಾರಣವಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಮೊದಲು ಎಷ್ಟೋ ತಂತ್ರಾಂಶಗಳು ಇಂಗ್ಲಿಷ್ ಅಕ್ಷರದ ಅಂಕಿಗಳನ್ನೇ ಬಳಸಿ, ಮೇಲೆ ಕನ್ನಡದ ವೇಷ ಹಾಕುತ್ತಿದ್ದವು. ವೇಷ ಕಳಚಿದರೆ ಒಳಗಿನ ಇಂಗ್ಲಿಷ್ ಅಕ್ಷರ ಹೊರಗೆ ಬರುತ್ತದೆ. 1991ರಲ್ಲಿ ಬಂದ ಯೂನಿಕೋಡ್ ಎಂಬ ಪದ್ಧತಿ ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಅದರದರದೇ ಅಂಕಿ ಕೊಡಲು ಹೊರಟಿತು. ನಮ್ಮ 'ಕ' ಅಕ್ಷರದ ಅಂಕಿ 3221. ಅದು ಬೆಂಗಳೂರಿನಲ್ಲೂ 3221, ಲಂಡನ್ನಿನಲ್ಲೂ 3221. ಉರ್ದುವಿನಲ್ಲಿ ಒಂದು ತೊಡಕಿದೆ: ಉರ್ದುವಿನ 'ಕಾಫ್' ಅಂಕಿ 1705, ಅರಬಿಯ 'ಕಾಫ್' ಅಂಕಿ 1603. ಒಂದನ್ನು ಒತ್ತುವ ಜಾಗದಲ್ಲಿ ಇನ್ನೊಂದನ್ನು ಒತ್ತಿದ್ದರೆ ಕಣ್ಣಿಗೆ ಪದ ಸರಿಯಾಗಿಯೇ ಕಾಣಬಹುದು, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಉರ್ದು ಟೈಪ್ ಮಾಡುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇ-ಪುಸ್ತಕಗಳಲ್ಲೂ ಬಗೆಗಳಿವೆ. ಅಮೆರಿಕದ ಮೈಕೆಲ್ ಹಾರ್ಟ್ 1971ರಲ್ಲಿ ಪಠ್ಯಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಿ ಎಲ್ಲರಿಗೂ ಉಚಿತವಾಗಿ ಹಂಚಲು ತೊಡಗಿದರು. 1993ರಲ್ಲಿ ಬಂದ ಪಿಡಿಎಫ್ ಅಚ್ಚಿನ ಪುಟವನ್ನು ಇದ್ದಂತೆ ಹಿಡಿದಿಡುತ್ತದೆ. ಚಿಕ್ಕ ಮೊಬೈಲಿನಲ್ಲಿ ಅದನ್ನು ಆಚೀಚೆ ಎಳೆದಾಡಬೇಕು. 2007ರಲ್ಲಿ ಬಂದ ಇಪಬ್ ನೀರಿನಂತೆ, ಪಾತ್ರೆಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಕಣ್ಣು ಮಂದವಾದ ಹಿರಿಯರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಯಂತ್ರವೇ ಓದಿ ಹೇಳುತ್ತದೆ. ಇದೊಂದು ಉಪಕಾರಕ್ಕಾದರೂ ಇ-ಪುಸ್ತಕವನ್ನು ಹಗುರವಾಗಿ ಮಾತಾಡಬಾರದು. ಉರ್ದು ಓದುವವರಿಗೆ 2013ರಲ್ಲಿ ಆರಂಭವಾದ 'ರೇಖ್ತಾ' ಮಾಡಿದ ಸಹಾಯ ದೊಡ್ಡದು. ಹಿಂದೆ ಹೈದರಾಬಾದಿಗೆ ಹೋಗಿ ಕಾಯಬೇಕಾಗಿದ್ದ ಎಷ್ಟೋ ಪುಸ್ತಕಗಳು ಮುಳವಾಡದಲ್ಲೇ ಕುಳಿತು ಓದಲು ಸಿಗುತ್ತಿವೆ.

ಆದರೂ ನನಗೊಂದು ಅಳುಕಿದೆ. ನಮ್ಮ ಹಿಂದಿನವರು ಮದರಸಾಗಳಿಗೆ, ಮಸೀದಿಗಳಿಗೆ ಪುಸ್ತಕಗಳನ್ನು ವಕ್ಫ್ ಮಾಡುತ್ತಿದ್ದರು. ವಕ್ಫ್ ಆದ ಪುಸ್ತಕವನ್ನು ಮಾರುವಂತಿಲ್ಲ, ಓದುವವರಿಗೆ ಇಲ್ಲ ಎನ್ನುವಂತಿಲ್ಲ. ಹಣ ಕೊಟ್ಟು ಕೊಂಡ ಇ-ಪುಸ್ತಕವನ್ನು ನೀವು ವಕ್ಫ್ ಮಾಡಬಲ್ಲಿರಾ? ಗೆಳೆಯನಿಗೆ ಎರವಲು ಕೊಡಬಲ್ಲಿರಾ? ಹಲವು ಕಡೆ ನೀವು ಕೊಂಡದ್ದು ಓದುವ ಪರವಾನಗಿ ಮಾತ್ರ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಹಕ್ಕಿನ ತಕರಾರು ಬಂತೆಂದು, ಗಿರಾಕಿಗಳು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್‌ನ ಪುಸ್ತಕಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಮುಂದೆ ಕ್ಷಮೆಯನ್ನೂ ಕೇಳಿತು. ಔರಂಗಜೇಬನಿಗೆ ಗಾಡಿಗಳಾದರೂ ಬೇಕಾಗಿದ್ದವು.

ಈಗ ಸಂಘದ ಸದಸ್ಯರಲ್ಲಿ, ಅದರಲ್ಲೂ ಮನೆಯ ಹಿರಿಯರಲ್ಲಿ ಒಂದು ಮಾತು. ಕುರ್‌ಆನಿನ ಹರಿದ ಹಾಳೆ ಕಾಲಿಗೆ ಸಿಗಬಾರದೆಂದು ಅದನ್ನು ಮಣ್ಣಿನಲ್ಲಿ ಹುಗಿಯುತ್ತೇವೆ, ಇಲ್ಲವೇ ಬಾವಿಗೆ, ಹೊಳೆಗೆ ಬಿಡುತ್ತೇವೆ. ಅದು ಅದಬಿನ ಮಾತು, ಹಾಗೆಯೇ ಆಗಬೇಕು. ಆದರೆ ಅದರ ಜೊತೆಗೆ ಆ ಲಿಪಿಯಲ್ಲಿರುವ ಕಾಗದವೆಲ್ಲವೂ ಹೋಗುತ್ತಿದೆ. ಅಜ್ಜನ ಬಯಾಜು, ಅಂದರೆ ಹಾಡು, ಶೇರು, ಔಷಧಿ ಎಲ್ಲ ಬರೆದಿಟ್ಟ ವಹಿ, ಹಳೆಯ ಜಮೀನಿನ ಕಾಗದ, ದಖನಿಯ ನಾಮಾಗಳು, ನಿಕಾಹದ ಪತ್ರ, ಎಲ್ಲವೂ. ಓದಲು ಬಾರದವರಿಗೆ ಎಲ್ಲವೂ ಅರಬಿಯಾಗಿಯೇ ಕಾಣುತ್ತದೆ. ಹೈದರಾಬಾದಿನಲ್ಲಿ ಮೊಹಿಯುದ್ದೀನ್ ಕಾದ್ರಿ ಜೋರ್ ಮತ್ತು ಗೆಳೆಯರು 1931ರಲ್ಲಿ ಇದಾರಾ-ಎ-ಅದಬಿಯಾತ್-ಎ-ಉರ್ದು ಕಟ್ಟಿ ಮನೆಮನೆಗಳಲ್ಲಿದ್ದ ದಖನಿ ಹಸ್ತಪ್ರತಿಗಳನ್ನು ಕೂಡಿಸದಿದ್ದರೆ ಇಂದು ದಖನಿಯ ಇತಿಹಾಸವನ್ನು ಬರೆಯುವುದೇ ಕಷ್ಟವಾಗುತ್ತಿತ್ತು. ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದೇನಾದರೂ ಇದ್ದರೆ ಹೊಳೆಗೆ ಬಿಡುವ ಮೊದಲು ಓದಬಲ್ಲವರಿಗೆ ಒಮ್ಮೆ ತೋರಿಸಿ. ಹಾಳೆ ಕೊಡಬೇಕಾಗಿಲ್ಲ. ಬೆಳಗಿನ ಬೆಳಕಿನಲ್ಲಿ ಚಾಪೆಯ ಮೇಲೆ ಬಿಚ್ಚಿಟ್ಟು, ನೆರಳು ಬೀಳದಂತೆ ಒಂದೊಂದೇ ಪುಟದ ಫೋಟೋ ತೆಗೆದರೆ ಸಾಕು. ಹಿಂದುಮುಂದಾಗದಂತೆ ಪುಟಗಳಿಗೆ ಅಂಕಿ ಹಾಕಿ, ಆದರೆ ಹಾಳೆಯ ಮೇಲೆ ಪೆನ್ನಿನಿಂದ ಬರೆಯಬೇಡಿ. ಫೋಟೋಗಳನ್ನು ಎರಡು ಮೂರು ಜಾಗದಲ್ಲಿ ಇಡಿ, ಮೊಬೈಲ್ ಹಾಳಾಗುವ ವಸ್ತು.

ಆ ಹುಡುಗಿಗೆ ನಾನು ಇದನ್ನೆಲ್ಲ ಹೇಳುವಷ್ಟರಲ್ಲಿ ಅವಳು ಎಂಟನೆಯ ತರಗತಿಗೆ ಬಂದಿದ್ದಳು. "ಹಂಗಾದ್ರ ಮೊಬೈಲಿನಾಗಿಂದೂ ಪುಸ್ತಕನ, ಆದ್ರ ಅಣ್ಣ ಓದೂದು ಪುಸ್ತಕ ಅಲ್ಲ, ಸರ್. ನಾ ನೋಡೀನಿ, ಆಟ ಆಡ್ತಾನ" ಎಂದಳು. ಮರುವಾರ ಹಸಿರು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟು ತಂದಳು. ಅವಳ ಮುತ್ತಜ್ಜನ ಬಯಾಜು. ಮೊದಲ ಹಾಳೆ ಇಲ್ಲ, ಕೊನೆಯ ಹಾಳೆಗಳಿಗೆ ನೀರು ಹತ್ತಿದೆ. ಇಬ್ಬರು ವಿದ್ಯಾರ್ಥಿಗಳು ಸೇರಿ ಅರವತ್ತೆರಡು ಪುಟಗಳ ಫೋಟೋ ತೆಗೆದರು. ಕೆಲವು ಪುಟಗಳಲ್ಲಿ ಬಾಕಿ ಲೆಕ್ಕ, ಕೆಲವದರಲ್ಲಿ ಕೆಮ್ಮಿನ ಔಷಧಿ, ನಡುವೆ ನಾಲ್ಕು ಪುಟ ದಖನಿ ಹಾಡು. ಆ ನಾಲ್ಕು ಪುಟಗಳಲ್ಲಿ ಎರಡೂವರೆಯನ್ನು ಇದುವರೆಗೆ ಓದಿದ್ದ��ವೆ.